ಎರಡನೇ ಕೌಂಟರ್ ಹಾಕಿದ ದಿನದಿಂದ ಡೂಪ್ಲಿಕೇಟ್ ಕೀ ಕಾಟ. ನಂಬರ್ ಕೊಡಬೇಕಾದವರು ಯಾರು?

ತಿಪಟೂರು_ವಿಬಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕಂಪ್ಯೂಟರ್ ಓದಿದವನಲ್ಲ. ಬಿ.ಕಾಂ. ಮಾಡಿ, ವಿಬಿ6 (ವಿಷುವಲ್ ಬೇಸಿಕ್, ಪ್ರೋಗ್ರಾಂ ಬರೆಯುವ ಭಾಷೆ) ಪುಸ್ತಕ ನೋಡಿಕೊಂಡು ಕಲಿತವನು. 2011ರಲ್ಲಿ ನಮ್ಮ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟೆ. ಡೇಟಾ ಇಡುವುದು ಮೈಎಸ್‌ಕ್ಯೂಎಲ್ 5.1 ಡೇಟಾಬೇಸ್‌ನಲ್ಲಿ. ರೈತರು ಕ್ಯಾನು ತರುತ್ತಾರೆ, ಸದಸ್ಯರ ನಂಬರ್ ಹೊಡೆಯುತ್ತೇವೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರುತ್ತದೆ, ದರ ಲೆಕ್ಕ ಆಗಿ ಚೀಟಿ ಪ್ರಿಂಟ್ ಆಗುತ್ತದೆ. ಒಂದು ಚೀಟಿಗೆ ಟೇಬಲ್‌ನಲ್ಲಿ ಒಂದು ರೆಕಾರ್ಡ್. ಅದೇ ಪ್ರೋಗ್ರಾಂ ಇನ್ನೂ ಓಡುತ್ತಿದೆ. ನಗಬೇಡಿ.

ರೆಕಾರ್ಡಿನ ಪ್ರೈಮರಿ ಕೀ (ಒಂದು ರೆಕಾರ್ಡನ್ನು ಇನ್ನೊಂದರಿಂದ ಬೇರೆ ಮಾಡುವ ನಂಬರ್) ಹೇಗೆ ಕೊಡುತ್ತಿದ್ದೆ ಅಂದರೆ, ಟೇಬಲ್‌ನಲ್ಲಿರುವ ದೊಡ್ಡ ನಂಬರ್ ಯಾವುದು ಅಂತ ಕೇಳುವುದು, ಅದಕ್ಕೆ ಒಂದು ಸೇರಿಸುವುದು. ಪುಸ್ತಕದಲ್ಲೂ ಹಾಗೇ ಇತ್ತು. ವರ್ಷಗಟ್ಟಲೆ ಒಂದು ತೊಂದರೆ ಬರಲಿಲ್ಲ.

ಈಗ ಸದಸ್ಯರು 180 ಆಗಿದ್ದಾರೆ. ಏಳೂವರೆಗೆ ಲಾರಿ ಬಂದು ನಿಲ್ಲುತ್ತದೆ, ಕ್ಯೂ ಕರಗುವುದಿಲ್ಲ. ಅದಕ್ಕೆ ಇನ್ನೊಂದು ಲ್ಯಾಪ್‌ಟಾಪ್ ಇಟ್ಟು ಎರಡನೇ ಕೌಂಟರ್ ಶುರು ಮಾಡಿದರು. ಎರಡೂ ಅದೇ ಡೇಟಾಬೇಸ್‌ಗೆ ಬರೆಯುತ್ತವೆ. ಹದಿನೈದು ದಿನ ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆವು.

ಬಟವಾಡೆ ದಿನ ಒಬ್ಬ ಅಜ್ಜಿ ಬಂದರು. ಚೀಟಿಗಳನ್ನೆಲ್ಲ ಒಂದು ಹಳೇ ಪೌಡರ್ ಡಬ್ಬಿಯಲ್ಲಿ, ಬಟ್ಟೆ ಕ್ಲಿಪ್ ಹಾಕಿ ಜೋಡಿಸಿ ಇಟ್ಟುಕೊಂಡಿದ್ದರು. 'ನನ್ನ ಲೆಕ್ಕದಾಗೆ ಮೂವತ್ತು ಚೀಟಿ ಐತೆ, ನಿನ್ನ ಪಟ್ಟೀಲಿ ಇಪ್ಪತ್ತೆಂಟೇ ಐತಲ್ಲಪ್ಪ' ಅಂದರು. ಒಂದು ಚೀಟಿಯಲ್ಲಿ 6.4 ಲೀಟರ್, ಇನ್ನೊಂದರಲ್ಲಿ 5.9. ಎರಡೂ ನಮ್ಮ ಪ್ರಿಂಟರ್‌ನಿಂದಲೇ ಬಂದ ಚೀಟಿ. ಟೇಬಲ್‌ನಲ್ಲಿ ಎರಡೂ ಇಲ್ಲ!

ಕೂತು ನೋಡಿದಾಗ ಗೊತ್ತಾಯಿತು, ತಪ್ಪು ನನ್ನದೇ. ಸದಸ್ಯರ ನಂಬರ್ ಹೊಡೆದ ತಕ್ಷಣ ಮುಂದಿನ ಕೀ ತೆಗೆದುಕೊಳ್ಳುತ್ತಿದ್ದೆ. ಫ್ಯಾಟ್ ಬಂದ ಮೇಲೆ ಸೇವ್ ಮಾಡುತ್ತಿದ್ದೆ. ನಡುವೆ ಇಪ್ಪತ್ತು ಸೆಕೆಂಡ್. ಅಷ್ಟರಲ್ಲಿ ಪಕ್ಕದ ಕೌಂಟರ್ ಅದೇ ನಂಬರ್ ತೆಗೆದುಕೊಂಡಿರುತ್ತದೆ. ಮೊದಲು ಸೇವ್ ಮಾಡಿದವರದು ಉಳಿಯುತ್ತದೆ, ಎರಡನೆಯವರಿಗೆ 1062, ಡೂಪ್ಲಿಕೇಟ್ ಎಂಟ್ರಿ. ಆ ಎರರ್ ನನಗೆ ಕಾಣಲೇ ಇಲ್ಲ. ಯಾಕೆಂದರೆ ಪ್ರಿಂಟರ್‌ನಲ್ಲಿ ಪೇಪರ್ ಮುಗಿದಾಗ ಪ್ರೋಗ್ರಾಂ ನಿಂತು ಕ್ಯೂನಲ್ಲಿ ಗಲಾಟೆ ಆಗುತ್ತೆ ಅಂತ ಎಷ್ಟೋ ವರ್ಷದ ಹಿಂದೆ ಆ ಫಂಕ್ಷನ್ ತಲೆಗೆ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' (ಎರರ್ ಬಂದರೂ ಮುಂದಿನ ಸಾಲಿಗೆ ಹೋಗು) ಹಾಕಿದ್ದೆ. ಹಾಗಾಗಿ ಸೇವ್ ಆಗದಿದ್ದರೂ ಚೀಟಿ ಮಾತ್ರ ಸಲೀಸಾಗಿ ಬರುತ್ತಿತ್ತು.

ಎಲ್ಲರ ಚೀಟಿ ತರಿಸಿ ತಾಳೆ ನೋಡಿದೆವು. 41 ಚೀಟಿ ಕಾಣೆಯಾಗಿದ್ದವು. ಅವನ್ನೆಲ್ಲ ಕೈಯಲ್ಲಿ ಹೊಡೆದು ದುಡ್ಡು ಕೊಟ್ಟಾಯಿತು.

ಆಮೇಲೆ ಜಾಣತನ ಮಾಡಲು ಹೋಗಿ ಕೀಗೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಸೇರಿಸಿ ಉದ್ದ ನಂಬರ್ ಮಾಡಿದೆ. ಎರಡೇ ದಿನಕ್ಕೆ ಎರಡು ಕೌಂಟರ್‌ನವರೂ ಒಂದೇ ಸೆಕೆಂಡ್‌ನಲ್ಲಿ ಎಂಟರ್ ಹೊಡೆದರು. ಮತ್ತೆ 1062. ಈ ಸಲ ಎರರ್ ಪರದೆ ಮೇಲೆ ಬಂತು, ಅಷ್ಟು ಬುದ್ಧಿ ಬಂದಿತ್ತು.

ಇನ್ನೊಂದು ಇದೆ. ಮುಂದಿನ ತಿಂಗಳು ನಾಲ್ಕು ಕಿಲೋಮೀಟರ್ ದೂರದಲ್ಲಿ ಉಪಕೇಂದ್ರ ಮಾಡುತ್ತಿದ್ದಾರೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಪೆನ್‌ಡ್ರೈವ್‌ನಲ್ಲಿ ಡೇಟಾ ಬರುತ್ತದೆ, ಇಲ್ಲಿ ಸೇರಿಸಬೇಕು. ಎರಡು ಊರಿನಲ್ಲಿ, ಒಬ್ಬರಿಗೊಬ್ಬರು ಕೇಳದೆ ಬರೆದ ನಂಬರ್ ಡಿಕ್ಕಿ ಹೊಡೆಯದ ಹಾಗೆ ಮಾಡುವುದು ಹೇಗೆ?

ಕೊನೇ ಬೆಂಚು

ಆಟೋ ಇನ್‌ಕ್ರಿಮೆಂಟ್ ಹಾಕಿ ಗುರುಗಳೇ, ಮುಗೀತು. ನಂಬರ್ ಕೊಡುವುದು ಡೇಟಾಬೇಸ್ ಕೆಲಸ, ನಮ್ಮದಲ್ಲ. ಇನ್ಸರ್ಟ್ ಆದ ಮೇಲೆ ಯಾವ ನಂಬರ್ ಬಂತು ಅಂತ ತಿಳಿಯಲು ಮತ್ತೆ ಮ್ಯಾಕ್ಸ್ (ದೊಡ್ಡ ನಂಬರ್) ಕೇಳಬೇಡಿ, ಪಕ್ಕದವರ ನಂಬರ್ ಬರುತ್ತೆ. 'ಲಾಸ್ಟ್ ಇನ್ಸರ್ಟ್ ಐಡಿ' ಕೇಳಿ. ಅದು ಕನೆಕ್ಷನ್‌ಗೆ ಒಂದೊಂದು, ಎರಡು ಕೌಂಟರ್ ಇದ್ದರೂ ಕಲಸಿಹೋಗಲ್ಲ.

ತಿಪಟೂರು_ವಿಬಿ

ಥ್ಯಾಂಕ್ಸ್ ಬ್ರದರ್. ಎರಡು ಕೌಂಟರ್‌ಗೆ ಸರಿ, ಆದರೆ ಉಪಕೇಂದ್ರದ್ದು ಬೇರೆಯೇ ಡೇಟಾಬೇಸ್ ಅಲ್ವಾ? ಅಲ್ಲೂ 1, 2, 3, ಇಲ್ಲೂ 1, 2, 3. ಸಂಜೆ ಸೇರಿಸುವಾಗ ಮತ್ತೆ ಅದೇ ರಾಮಾಯಣ.

ಇನ್ನೊಂದು ತಲೆನೋವು. ಚೀಟಿ ಮೇಲೆ ಪ್ರಿಂಟ್ ಆಗುವುದೂ ಇದೇ ಕೀ. ನಂಬರ್ ಮಧ್ಯೆ ಒಂದು ತಪ್ಪಿದರೂ ಕಾರ್ಯದರ್ಶಿಗಳು ಬಿಡುವುದಿಲ್ಲ. 'ಆಡಿಟ್‌ನವರು ಕೇಳಿದರೆ ಆ ಚೀಟಿ ಹರಿದು ಹಾಕಿದೆವು ಅನ್ನಲಾ?' ಅನ್ನುತ್ತಾರೆ. ಆಟೋ ಇನ್‌ಕ್ರಿಮೆಂಟ್‌ನಲ್ಲಿ ನಂಬರ್ ತಪ್ಪಲ್ಲ ತಾನೆ?

ಇಂಡೆಕ್ಸ್ ಅಕ್ಕ

ತಪ್ಪುತ್ತದೆ ಸರ್. ತಪ್ಪಲೇಬೇಕು. ನಾನು ಬೆಂಗಳೂರಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಈ ಪ್ರಶ್ನೆಗೆ ವರ್ಷಕ್ಕೆ ನಾಲ್ಕು ಸಲ ಉತ್ತರ ಹೇಳುತ್ತೇನೆ. ಇವತ್ತು ಸಮಾಧಾನವಾಗಿ ಬರೆಯುತ್ತೇನೆ.

ನೀವು ಒಂದು ನಂಬರ್‌ಗೆ ಎರಡು ಕೆಲಸ ಕೊಟ್ಟಿದ್ದೀರಿ. ಒಂದು, ಈ ರೆಕಾರ್ಡ್ ಬೇರೆ, ಆ ರೆಕಾರ್ಡ್ ಬೇರೆ ಅಂತ ಮಷೀನ್‌ಗೆ ಹೇಳುವುದು. ಇನ್ನೊಂದು, ಕಾರ್ಯದರ್ಶಿಗೆ ಮತ್ತು ಆಡಿಟ್‌ನವರಿಗೆ ಸಾಲಾಗಿ ಕಾಣುವುದು. ಮೊದಲನೆಯದಕ್ಕೆ ಬೇಕಾಗಿರುವುದು ಬೇರೆ ಬೇರೆ ಆಗಿರುವುದು, ಅಷ್ಟೇ. ನಡುವೆ ಖಾಲಿ ಬಿದ್ದರೆ ನಷ್ಟವಿಲ್ಲ. ಎರಡನೆಯದಕ್ಕೆ ಖಾಲಿ ಬೀಳಬಾರದು. ಎರಡನ್ನೂ ಒಂದೇ ಕಾಲಮ್‌ನಿಂದ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ಆಟೋ ಇನ್‌ಕ್ರಿಮೆಂಟ್ ಒಂದು ಸಲ ನಂಬರ್ ಕೊಟ್ಟರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕೆಲಸದ ಕಟ್ಟು) ರೋಲ್‌ಬ್ಯಾಕ್ ಆದರೂ, ಅಂದರೆ ವಾಪಸ್ ಹೋದರೂ, ಆ ನಂಬರ್ ಹೋದ ಹಾಗೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ನಂಬರ್ ಕೊಡುವ ಸೀಕ್ವೆನ್ಸ್ ಕೂಡ ಹಾಗೇ. ಬೇಕಂತಲೇ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ಒಬ್ಬರ ಕೆಲಸ ಮುಗಿಯುವ ತನಕ ಉಳಿದವರೆಲ್ಲ ಕಾಯಬೇಕು.

ನಿಮ್ಮ ಹಳೇ ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ಗುಂಡಿ ಇದೆ. 8.0ಕ್ಕಿಂತ ಹಿಂದಿನ ಇನ್ನೋಡಿಬಿ (ಟೇಬಲ್‌ಗಳನ್ನು ಇಟ್ಟುಕೊಳ್ಳುವ ಎಂಜಿನ್), ಮುಂದಿನ ನಂಬರ್ ಯಾವುದು ಅನ್ನುವುದನ್ನು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಸರ್ವರ್ ಆಫ್ ಮಾಡಿ ಆನ್ ಮಾಡಿದರೆ ಟೇಬಲ್‌ನಲ್ಲಿ ಉಳಿದಿರುವ ದೊಡ್ಡ ನಂಬರ್ ನೋಡಿ ಒಂದು ಕೂಡಿಸುತ್ತದೆ. ಅಂದರೆ, ಸಂಜೆ ಕೊನೆಯ ಚೀಟಿ ತಪ್ಪಾಯಿತು ಅಂತ ಡಿಲೀಟ್ ಮಾಡಿ ಮಷೀನ್ ಆಫ್ ಮಾಡಿದರೆ, ಬೆಳಿಗ್ಗೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ನಿಮ್ಮಲ್ಲಿ ದಿನಾ ರಾತ್ರಿ ಆಫ್ ಮಾಡುತ್ತಾರೆ ಅಲ್ವಾ?

ಚೀಟಿ ನಂಬರ್‌ಗೆ ಬೇರೆ ದಾರಿ ಇದೆ. ಒಂದು ಚಿಕ್ಕ ಟೇಬಲ್ ಮಾಡಿ. ಕೌಂಟರ್‌ಗೆ ಒಂದೊಂದು ರೆಕಾರ್ಡ್, ಅದರಲ್ಲಿ ಕೊನೆಯ ಚೀಟಿ ನಂಬರ್. ಸೇವ್ ಮಾಡುವಾಗ, ಅದೇ ಟ್ರಾನ್ಸಾಕ್ಷನ್ ಒಳಗೆ, ಆ ರೆಕಾರ್ಡನ್ನು 'ಫಾರ್ ಅಪ್‌ಡೇಟ್' ಹಾಕಿ (ಬೇರೆಯವರು ಬದಲಾಯಿಸದ ಹಾಗೆ ಲಾಕ್ ಮಾಡಿ) ಓದಿ, ಒಂದು ಕೂಡಿಸಿ, ಹಾಲಿನ ರೆಕಾರ್ಡ್ ಬರೆದು, ಕಮಿಟ್ (ಖಾಯಂ) ಮಾಡಿ. ನಡುವೆ ಏನಾದರೂ ಕೆಟ್ಟರೆ ಎರಡೂ ಒಟ್ಟಿಗೆ ವಾಪಸ್ ಹೋಗುತ್ತವೆ. ನಂಬರ್ ತಪ್ಪುವುದಿಲ್ಲ. ದೊಡ್ಡ ಸೈಟ್‌ನಲ್ಲಿ ಹೀಗೆ ಮಾಡಿದರೆ ಎಲ್ಲರೂ ಆ ಒಂದು ಲಾಕ್‌ಗೆ ಕ್ಯೂ ನಿಲ್ಲುತ್ತಾರೆ. ನಿಮ್ಮಲ್ಲಿ ಆ ಚಿಂತೆ ಇಲ್ಲ, ಹಾಲಿನ ಕ್ಯೂ ಅದಕ್ಕಿಂತ ನಿಧಾನ. ಅಂಗಡಿ ಬಿಲ್ಲಿಂಗ್‌ನಲ್ಲೂ ಇದನ್ನೇ ಮಾಡುತ್ತೇವೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರ್ ಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆರ್ಥಿಕ ವರ್ಷದೊಳಗೆ ಮತ್ತೆ ಬರಬಾರದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದು. ನೀವೂ ಕೌಂಟರ್‌ಗೆ ಒಂದು ಸರಣಿ ಇಡಿ.

ಆದರೆ ಮೊದಲು ಟೇಬಲ್ ಎಂಜಿನ್ ಯಾವುದು ನೋಡಿ. 5.1ರಲ್ಲಿ ಏನೂ ಹೇಳದೆ ಟೇಬಲ್ ಮಾಡಿದರೆ ಅದು ಮೈಐಸ್ಯಾಮ್. ಅದಕ್ಕೆ ಟ್ರಾನ್ಸಾಕ್ಷನ್ ಗೊತ್ತೇ ಇಲ್ಲ. ಲಾಕ್ ಹಾಕು ಅಂದರೆ ಹೂಂ ಅನ್ನುತ್ತದೆ, ಹಾಕುವುದಿಲ್ಲ.

ಉಪಕೇಂದ್ರದ ವಿಷಯ ನಾಳೆ ಬರೆಯುತ್ತೇನೆ, ಮಗಳಿಗೆ ಪರೀಕ್ಷೆ.

ಮಲೆನಾಡು ಕೋಡರ್

ಅಕ್ಕ ಬರುವ ತನಕ ನಾನು ನಾಲ್ಕು ಮಾತು ಹೇಳುತ್ತೇನೆ. ಶಿರಸಿ ಕಡೆ ಅಡಿಕೆ ವ್ಯಾಪಾರದ ಲೆಕ್ಕಕ್ಕೆ ಇಂಥದ್ದೇ ಒಂದು ಬರೆದಿದ್ದೆ, ಮಳೆಗಾಲದಲ್ಲಿ ನೆಟ್ ಇರುತ್ತಿರಲಿಲ್ಲ.

ಒಂದು ಉಪಾಯ: ಇಲ್ಲಿ ಬೆಸ ಸಂಖ್ಯೆ, ಅಲ್ಲಿ ಸಮ ಸಂಖ್ಯೆ. ಮೈಎಸ್‌ಕ್ಯೂಎಲ್‌ನಲ್ಲೇ ಅದಕ್ಕೆ ಸೆಟ್ಟಿಂಗ್ ಇದೆ, ಎಷ್ಟು ಹೆಜ್ಜೆ ಹಾಕಬೇಕು, ಎಲ್ಲಿಂದ ಶುರು ಅಂತ. ಫೋಟೋ ಸೈಟ್ ಫ್ಲಿಕರ್‌ನವರು ಎರಡು ಸರ್ವರ್ ಇಟ್ಟು ಹೀಗೇ ನಂಬರ್ ಹಂಚುತ್ತಿದ್ದರು, 2010ರಲ್ಲಿ ಅವರೇ ಬರೆದುಕೊಂಡಿದ್ದಾರೆ. ಮೂರನೇ ಕೇಂದ್ರ ಬರಬಹುದು ಅನ್ನಿಸಿದರೆ ಮೊದಲೇ ಹತ್ತತ್ತು ಹೆಜ್ಜೆ ಇಡಿ.

ಅದೇ ವರ್ಷ ಟ್ವಿಟರ್‌ನವರು ಮಾಡಿದ್ದು ಸ್ನೋಫ್ಲೇಕ್. 64 ಬಿಟ್ ನಂಬರ್‌ನಲ್ಲಿ 41 ಬಿಟ್ ಸಮಯಕ್ಕೆ, 10 ಬಿಟ್ ಮಷೀನ್ ನಂಬರ್‌ಗೆ, 12 ಬಿಟ್ ಅದೇ ಮಿಲಿಸೆಕೆಂಡ್‌ನಲ್ಲಿ ಎಷ್ಟನೆಯದು ಅನ್ನುವುದಕ್ಕೆ. ನಿಮ್ಮ ಗಂಟೆ-ನಿಮಿಷ-ಸೆಕೆಂಡ್ ಐಡಿಯಾ ಕೆಟ್ಟದ್ದಲ್ಲ ಸಾರ್, ಆ ಎರಡು ತುಂಡು ಬಿಟ್ಟುಹೋಗಿತ್ತು ಅಷ್ಟೇ.

ಈಗ ಅನುಭವದ ಮಾತು. ನಾನು ಕೇಂದ್ರದ ಕೋಡ್ ಮತ್ತು ಆ ಕೇಂದ್ರದ ನಂಬರ್, ಎರಡೂ ಸೇರಿ ಕೀ ಅಂತ ಮಾಡಿದೆ. ಬಹಳ ಚಂದ ಇತ್ತು. ಆಮೇಲೆ ಒಂದು ಕಡೆ ಲ್ಯಾಪ್‌ಟಾಪ್ ಕೆಟ್ಟಿತು. ಅಲ್ಲಿನ ಹುಡುಗ ಬಹಳ ಚುರುಕು. ಪಕ್ಕದ ಕೇಂದ್ರದ ಫೋಲ್ಡರ್ ಇದ್ದಂಗೇ ಕಾಪಿ ಮಾಡಿಕೊಂಡು ಹೋಗಿ ಕೆಲಸ ಶುರು ಮಾಡಿದ. ಕೇಂದ್ರದ ಕೋಡ್ ಇದ್ದದ್ದು ಅದೇ ಫೋಲ್ಡರ್‌ನ ಸೆಟ್ಟಿಂಗ್ ಫೈಲ್‌ನಲ್ಲಿ! ಎರಡು ಊರಿನವರೂ ಕೇಂದ್ರ 2. ಇನ್ನೊಂದು ಸಲ ಹಾರ್ಡ್‌ಡಿಸ್ಕ್ ಹೋಗಿ ಎಂಟು ದಿನ ಹಿಂದಿನ ಬ್ಯಾಕಪ್ ಹಾಕಿದರು. ನಂಬರ್ ಎಣಿಕೆ ಎಂಟು ದಿನ ಹಿಂದೆ ಹೋಯಿತು. ಈಗಾಗಲೇ ಕಳಿಸಿದ ನಂಬರ್‌ಗಳನ್ನೇ ಮತ್ತೆ ಹೊಸ ವ್ಯಾಪಾರಕ್ಕೆ ಕೊಟ್ಟಿತು. ಎಣಿಸಿಕೊಂಡು ಹೋಗುವ ಯಾವ ಉಪಾಯಕ್ಕೂ ಈ ಕಾಯಿಲೆ ಇದೆ. ಎಲ್ಲಿಯ ತನಕ ಎಣಿಸಿದ್ದೆ ಅನ್ನುವುದನ್ನು ಮರೆತರೆ ಕೆಟ್ಟಿತು.

ಕೊನೇ ಬೆಂಚು

ಸದಸ್ಯರ ನಂಬರ್ + ದಿನಾಂಕ + ಬೆಳಿಗ್ಗೆ/ಸಂಜೆ. ಇದೇ ಕೀ ಆಗಬಹುದಲ್ಲ? ಬೇರೆ ನಂಬರ್ ಯಾಕೆ ಬೇಕು?

ತಿಪಟೂರು_ವಿಬಿ

ಅದನ್ನೂ ಯೋಚಿಸಿದ್ದೆ ಬ್ರದರ್. ಹಸು, ಎಮ್ಮೆ ಎರಡೂ ಇರುವ ಮನೆಯವರು ಒಂದೇ ಹೊತ್ತಿಗೆ ಎರಡು ಕ್ಯಾನು ತರುತ್ತಾರೆ, ಎರಡಕ್ಕೂ ಬೇರೆ ದರ. ಹಾಗಾದರೆ ಹಾಲಿನ ಜಾತಿಯನ್ನೂ ಸೇರಿಸೋಣ ಅಂದರೆ, ಮೊದಲು ಗಂಡ ಬಂದು ಹಾಕಿ ಹೋಗುತ್ತಾನೆ, ಲಾರಿ ಬರುವ ಹೊತ್ತಿಗೆ ಹೆಂಡತಿ ಇನ್ನೆರಡು ಲೀಟರ್ ತಂದು ನಿಲ್ಲುತ್ತಾಳೆ.

ಅಕ್ಕಾ, ನೀವು ಹೇಳಿದ ಹಾಗೆ ನೋಡಿದೆ. ಅಷ್ಟೂ ಟೇಬಲ್ ಮೈಐಸ್ಯಾಮ್! ಇಷ್ಟು ವರ್ಷ 'ಬಿಗಿನ್ ಟ್ರಾನ್ಸಾಕ್ಷನ್' ಅಂತ ಬರೆದದ್ದೆಲ್ಲ ಗಾಳಿಗೆ ಬರೆದ ಹಾಗೆ ಆಯಿತು.

ಇಂಡೆಕ್ಸ್ ಅಕ್ಕ

ಮಲೆನಾಡಿನವರು ಹೇಳಿದ್ದೇ ನಾನೂ ಹೇಳಬೇಕಿತ್ತು. ಎಣಿಸುವುದನ್ನು ಬಿಡಿ. ಯುಯುಐಡಿ ಹಾಕಿ.

ಅದು 128 ಬಿಟ್ ನಂಬರ್. ನಾಲ್ಕನೇ ಬಗೆಯದರಲ್ಲಿ 122 ಬಿಟ್ ಸುಮ್ನೆ ಲಾಟರಿ ಚೀಟಿ ಎತ್ತಿದ ಹಾಗೆ ಬರುತ್ತದೆ. ಯಾರನ್ನೂ ಕೇಳಬೇಕಿಲ್ಲ, ಏನನ್ನೂ ನೆನಪಿಡಬೇಕಿಲ್ಲ. ಹಳೇ ಬ್ಯಾಕಪ್ ಹಾಕಿದರೂ, ಫೋಲ್ಡರ್ ಕಾಪಿ ಮಾಡಿದರೂ ಕೆಡುವುದಿಲ್ಲ. ಎರಡು ಸಲ ಒಂದೇ ಬಂದರೆ ಅಂತ ಎಲ್ಲರೂ ಕೇಳುತ್ತಾರೆ. ಸೆಕೆಂಡಿಗೆ ನೂರು ಕೋಟಿಯಂತೆ ಸುಮಾರು 86 ವರ್ಷ ಮಾಡುತ್ತಾ ಹೋದರೆ ಒಂದಾದರೂ ಡಿಕ್ಕಿ ಆಗುವ ಸಾಧ್ಯತೆ ಅರ್ಧಕ್ಕೆ ಬರುತ್ತದೆ. ನಿಮ್ಮಲ್ಲಿ 180 ಜನ, ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ ಹೆಚ್ಚುಕಡಿಮೆ 1,31,400 ಚೀಟಿ.

ಆದರೆ ಆ ಲೆಕ್ಕ ನಿಲ್ಲುವುದು ಚೀಟಿ ಎತ್ತುವ ಕೈ ನಿಯತ್ತಾಗಿದ್ದರೆ ಮಾತ್ರ. ದಯವಿಟ್ಟು ವಿಬಿ6ರ 'ರ‍್ಯಾಂಡ್' ಫಂಕ್ಷನ್ ಬಳಸಿ ನೀವೇ ಅಕ್ಷರ ಜೋಡಿಸಬೇಡಿ. ಮೊದಲು 'ರ‍್ಯಾಂಡಮೈಜ್' ಅನ್ನದಿದ್ದರೆ ಅದು ಪ್ರತಿ ಸಲ ಪ್ರೋಗ್ರಾಂ ತೆರೆದಾಗಲೂ ಅದೇ ಸಂಖ್ಯೆಗಳನ್ನು ಅದೇ ಸಾಲಿನಲ್ಲಿ ಕೊಡುತ್ತದೆ. ಎರಡು ಕೌಂಟರ್ ಬೆಳಿಗ್ಗೆ ತೆರೆದರೆ ಇಬ್ಬರಿಗೂ ಒಂದೇ ಕೀ! ರ‍್ಯಾಂಡಮೈಜ್ ಹಾಕಿದರೂ ಒಳಗೆ ಇರುವುದು 24 ಬಿಟ್, ಅಂದರೆ ಒಂದೂ ಮುಕ್ಕಾಲು ಕೋಟಿಗಿಂತ ಕಡಿಮೆ. ವಿಂಡೋಸ್‌ನಲ್ಲೇ 'ಕೋ ಕ್ರಿಯೇಟ್ ಗೈಡ್' ಅಂತ ಫಂಕ್ಷನ್ ಇದೆ, ಓಲೆ32 ಡಿಎಲ್‌ಎಲ್‌ನಲ್ಲಿ. ಅದನ್ನು ಡಿಕ್ಲೇರ್ ಮಾಡಿ ಕರೆಯಿರಿ.

ಕೊನೇ ಬೆಂಚು

ಅಕ್ಕ, ಯುಯುಐಡಿ ಪ್ರೈಮರಿ ಕೀ ಮಾಡಿದರೆ ಸ್ಪೀಡ್ ಹೋಗುತ್ತೆ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ?

ಇಂಡೆಕ್ಸ್ ಅಕ್ಕ

ನಿಜ. ಇನ್ನೋಡಿಬಿ ರೆಕಾರ್ಡ್‌ಗಳನ್ನು ಪ್ರೈಮರಿ ಕೀ ಕ್ರಮದಲ್ಲೇ ಇಡುತ್ತದೆ. ಸಾಲಾಗಿ ಬರುವ ನಂಬರ್ ಆದರೆ ಕೊನೆಯ ಪುಟಕ್ಕೆ ಬರೆಯುತ್ತಾ ಹೋಗುವ ಲೆಡ್ಜರ್ ಇದ್ದ ಹಾಗೆ. ಯುಯುಐಡಿ ಆದರೆ ಪ್ರತಿ ಸಲ ಎಲ್ಲೋ ನಡುವಿನ ಪುಟ ತೆಗೆದು ಸಂದಿಯಲ್ಲಿ ತುರುಕಬೇಕು, ಪುಟ ತುಂಬಿದರೆ ಹರಿದು ಎರಡು ಮಾಡಬೇಕು. ಮೇಲಾಗಿ ಉಳಿದ ಪ್ರತಿ ಇಂಡೆಕ್ಸ್‌ನಲ್ಲೂ (ಬೇಗ ಹುಡುಕಲು ಇಡುವ ಪಟ್ಟಿ) ಆ ಕೀ ನಕಲಾಗಿ ಕೂತಿರುತ್ತದೆ. ಕೋಟಿಗಟ್ಟಲೆ ರೆಕಾರ್ಡ್ ಇರುವ ಕಡೆ ಇದರಿಂದ ನಾನು ಅತ್ತಿದ್ದೇನೆ. ಅದಕ್ಕೇ ಏಳನೇ ಬಗೆ ಬಂದಿದೆ, 2024ರ ಆರ್‌ಎಫ್‌ಸಿ 9562 ಅನ್ನುವ ಇಂಟರ್ನೆಟ್ ಮಾನದಂಡದಲ್ಲಿ. ಅದರ ಮೊದಲ 48 ಬಿಟ್ ಮಿಲಿಸೆಕೆಂಡ್ ಲೆಕ್ಕದ ಸಮಯ, ಹಾಗಾಗಿ ಹೊಸದು ಕೊನೆಗೇ ಬಂದು ಕೂರುತ್ತದೆ. ಪೋಸ್ಟ್‌ಗ್ರೆಸ್ 18ರಲ್ಲಿ ಒಳಗೇ ಕೊಟ್ಟಿದ್ದಾರೆ.

ಆದರೆ ಇವರದು ಡೇರಿ ಮಾರಾಯ. 36 ಅಕ್ಷರವಾಗಿ ಇಟ್ಟರೂ, 16 ಬೈಟ್ ಬೈನರಿಗೆ ಹೋಲಿಸಿದರೆ ವರ್ಷಕ್ಕೆ ಜಾಸ್ತಿ ಆಗುವುದು ಎರಡೂವರೆ ಎಂಬಿ ಚಿಲ್ಲರೆ. ಇಂಡೆಕ್ಸ್‌ನಲ್ಲಿ ಅದರ ಎರಡು ಪಟ್ಟು ಅಂತಲೇ ಇಟ್ಟುಕೋ. ಅಲ್ಲಿ ಸ್ಪೀಡ್ ಕಡಿಮೆ ಮಾಡುವುದು ಫ್ಯಾಟ್ ಮಷೀನ್. ಅಕ್ಷರವಾಗಿಯೇ ಇಡಲಿ, ಕಾಲಮ್‌ಗೆ ಆಸ್ಕಿ (ಅಕ್ಷರಕ್ಕೆ ಒಂದೇ ಬೈಟ್) ಅಂತ ಹೇಳಿದರೆ ಸಾಕು. ಕಣ್ಣಲ್ಲಿ ಓದಬಹುದು, ವಿಬಿ6ರಲ್ಲಿ ಬೈನರಿ ಜೊತೆ ಗುದ್ದಾಡುವುದೂ ತಪ್ಪುತ್ತದೆ.

ತಿಪಟೂರು_ವಿಬಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಟೇಬಲ್‌ಗಳನ್ನು ಇನ್ನೋಡಿಬಿಗೆ ಬದಲಾಯಿಸಿದೆ. ಹಳೇ ನಂಬರ್ ಕಾಲಮ್ ಹಾಗೇ ಉಳಿಸಿ, ಪಕ್ಕದಲ್ಲಿ ಹೊಸ ಕೀ ಕಾಲಮ್ ಸೇರಿಸಿ, ಹಳೇ ರೆಕಾರ್ಡ್‌ಗೆಲ್ಲ ಒಂದೊಂದು ಯುಯುಐಡಿ ತುಂಬಿ, ಆಮೇಲೆ ಪ್ರೈಮರಿ ಕೀ ಅದರ ಮೇಲೆ ಹಾಕಿದೆ. ಕೀ ಈಗ ಲ್ಯಾಪ್‌ಟಾಪ್‌ನಲ್ಲೇ ಹುಟ್ಟುತ್ತದೆ, ಸದಸ್ಯರ ನಂಬರ್ ಹೊಡೆದ ತಕ್ಷಣ. ಇಪ್ಪತ್ತು ಸೆಕೆಂಡ್ ಅಲ್ಲ, ಇಪ್ಪತ್ತು ನಿಮಿಷ ಆದಮೇಲೆ ಸೇವ್ ಮಾಡಿದರೂ ತೊಂದರೆ ಇಲ್ಲ. ಚೀಟಿ ನಂಬರ್ ಮಾತ್ರ ಕೊನೆಗೆ, ಲಾಕ್ ಹಾಕಿ, ಕಮಿಟ್ ಆದ ಮೇಲೇ ಪ್ರಿಂಟ್. ಪ್ರಿಂಟರ್ ಎರರ್‌ಗೆ ಬೇರೆ ಫಂಕ್ಷನ್ ಬರೆದೆ. ರೆಸ್ಯೂಮ್ ನೆಕ್ಸ್ಟ್ ಇಡೀ ಪ್ರೋಗ್ರಾಂನಲ್ಲಿ ಹುಡುಕಿದೆ, 63 ಕಡೆ ಇತ್ತು. ಮಾನ ಹೋಯಿತು.

ಉಪಕೇಂದ್ರ ಸೋಮವಾರ ಶುರುವಾಯಿತು. ಗುರುವಾರ ಸಂಜೆ ಕಾರ್ಯದರ್ಶಿಗಳು ಪೆನ್‌ಡ್ರೈವ್ ಹಾಕಿ ಸೇರಿಸಿದ್ದಾರೆ, ಟೀ ಕುಡಿದು ಬಂದು ಸೇರಿಸಿದೆನೋ ಇಲ್ಲವೋ ಅಂತ ಅನುಮಾನ ಬಂದು ಮತ್ತೊಮ್ಮೆ ಸೇರಿಸಿದ್ದಾರೆ. ಮೊದಲಾಗಿದ್ದರೆ ಅಷ್ಟೂ ಹಾಲು ಎರಡೆರಡು ಸಲ ಲೆಕ್ಕಕ್ಕೆ ಬರುತ್ತಿತ್ತು, ಯಾಕೆಂದರೆ ನಾನು ಸೇರಿಸುವಾಗ ಹೊಸ ನಂಬರ್ ಕೊಡುತ್ತಿದ್ದೆ. ಈಗ ಕೀ ಅಲ್ಲಿಂದಲೇ ಬರುತ್ತದೆ. ಎರಡನೇ ಸಲ ಎಲ್ಲಕ್ಕೂ 1062 ಬಂತು. ಅದೇ 1062! ನೋಡಿ ಖುಷಿಪಟ್ಟದ್ದು ಇದೇ ಮೊದಲು.

ಒಂದು ಅನುಮಾನ ಉಳಿದಿದೆ. ಆ ಎರರ್ ಬಂದರೆ ದಾಟಿಕೊಂಡು ಹೋಗಲು 'ಇನ್ಸರ್ಟ್ ಇಗ್ನೋರ್' ಹಾಕಬಹುದಾ?

ಇಂಡೆಕ್ಸ್ ಅಕ್ಕ

ಬೇಡ ಸರ್. ಅದು ಡೂಪ್ಲಿಕೇಟ್ ಒಂದನ್ನೇ ಅಲ್ಲ, ಬೇರೆ ಎರರ್‌ಗಳನ್ನೂ ನುಂಗುತ್ತದೆ. ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂದರೆ ಅದನ್ನು ಕತ್ತರಿಸಿ ಒಳಗೆ ಹಾಕಿ ಸುಮ್ಮನಾಗುತ್ತದೆ. ನಿಮ್ಮ ರೆಸ್ಯೂಮ್ ನೆಕ್ಸ್ಟ್‌ನ ಅಣ್ಣ ಅದು. ಡೂಪ್ಲಿಕೇಟ್ ಬಂದಾಗ ಆ ಕೀಯ ಹಳೇ ರೆಕಾರ್ಡ್ ತೆಗೆದು ಲೀಟರ್, ಫ್ಯಾಟ್ ತಾಳೆ ನೋಡಿ. ಒಂದೇ ಆಗಿದ್ದರೆ ದಾಟಿ, ಬೇರೆ ಇದ್ದರೆ ಪರದೆ ಮೇಲೆ ತೋರಿಸಿ.

ತಿಪಟೂರು_ವಿಬಿ

ಸರಿ ಅಕ್ಕ, ಹಾಗೇ ಮಾಡುತ್ತೇನೆ. ಚೀಟಿ ನಂಬರ್ ಎ-1, ಬಿ-1 ಅಂತ ಎರಡು ಸರಣಿ ಮಾಡಿದ್ದಕ್ಕೆ ಕಾರ್ಯದರ್ಶಿಗಳು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಬಿ ಕೌಂಟರ್ ಅಂದರೆ ಎರಡನೇ ದರ್ಜೆ ಅಂತ ಕೆಲವರು ಅಲ್ಲಿ ಹಾಲು ಹಾಕುವುದಿಲ್ಲವಂತೆ. ನಾಳೆ ಹೋಗಿ ಬಾಗಿಲು 1, ಬಾಗಿಲು 2 ಅಂತ ಬದಲಾಯಿಸಬೇಕು.